ಹತ್ತಿದವರು, ಇಳಿದವರು

ಬಸ್ಸು ಬೆಟ್ಟದ ಮೇಲಿನ ಹಳೆಯ ರೈಲು ಸ್ಟೇಷನ್ನಿನ ಮುಂದೆ ನಿಂತಾಗ ಅವನಿಗೆ ಬಂದ ಮೊದಲ ಯೋಚನೆ, ಇಳಿಯದೆ ಇದೇ ಬಸ್ಸಿನಲ್ಲಿ ವಾಪಸ್ಸು ಹೋದರೆ ಹೇಗೆ ಎಂಬುದು. ಎರಡನೆಯದು, ಅದಕ್ಕೊಂದು ಮರ್ಯಾದಸ್ಥ ಕಾರಣ ಬೇಕಲ್ಲ ಎಂಬುದು. ಮಂಡಿನೋವು ಎನ್ನಬಹುದಿತ್ತು. ಆದರೆ ಮಂಡಿನೋವನ್ನು ಈ ವಾರದಲ್ಲೇ ಎರಡು ಸಲ ಬಳಸಿಯಾಗಿತ್ತು: ಒಮ್ಮೆ ಹೆಂಡತಿಯ ಜೊತೆ ಪರದೆ ಬಟ್ಟೆ ಆರಿಸಲು ಹೋಗದಿರುವುದಕ್ಕೆ, ಇನ್ನೊಮ್ಮೆ ಮೇಲ್ಮನೆಯವರು ಕಪಾಟು ಹಿಡಿಯಲು ಕರೆದಾಗ. ಮೂರನೆಯ ಸಲ ಹೇಳಿದರೆ ಹೆಂಡತಿ ನಂಬುವುದಿಲ್ಲ, ನಂಬಿದರೆ ಇನ್ನೂ ಕಷ್ಟ, ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಷಡ್ಡಕ ಕೆಳಗಿಳಿದು, ಎರಡೂ ಕೈಯಲ್ಲಿ ಒಂದೊಂದು ನಡಿಗೆಗೋಲು ಹಿಡಿದು, ಹೊಸ ಬೂಟಿನಿಂದ ನೆಲವನ್ನು ತಟ್ಟಿ ನೋಡುತ್ತಿದ್ದ, ನೆಲ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಪರೀಕ್ಷಿಸುವವನ ಹಾಗೆ. ಷಡ್ಡಕನದು ಕನ್ನಡಕದ ಅಂಗಡಿ. ಎದುರಿಗೆ ಬಂದವರೆಲ್ಲರಿಗೂ ಯಾವುದೋ ಒಂದು ನಂಬರಿನ ಗಾಜು ಕಡಿಮೆಯಾಗಿದೆ ಎಂಬ ನೋಟ ಅವನ ಮುಖದ ಮೇಲೆ ಖಾಯಮ್ಮಾಗಿ ಕೂತಿತ್ತು. "ಬನ್ನಿ ಷಡ್ಡಕರೇ, ಹನ್ನೊಂದೇ ಕಿಲೋಮೀಟರು, ಅದೂ ಪೂರ್ತಿ ಇಳಿಜಾರು, ಉರುಳಿಕೊಂಡು ಹೋದರೂ ಊರು ಸಿಗುತ್ತೆ" ಎಂದ. ಹೆಂಡತಿ, ಹೆಂಡತಿಯ ತಂಗಿ, ಷಡ್ಡಕ ಮೂವರೂ ನಕ್ಕರು. ಅವನೂ ನಕ್ಕ. ನಗುವವರ ಸಂಖ್ಯೆ ಮೂರಿದ್ದಾಗ ನಾಲ್ಕನೆಯವನಾಗಿ ಸೇರಿಕೊಳ್ಳುವುದು ಅವನ ಹಳೆಯ ಅಭ್ಯಾಸ.

ಪ್ರತಿ ಮನುಷ್ಯನಿಗೂ ಬದುಕಿನಲ್ಲಿ ಒಂದಾದರೂ ದೊಡ್ಡ ಕೆಲಸ ಅಂತ ಇರುತ್ತದೆ. ಕೆಲವರು ಮನೆ ಕಟ್ಟಿಸುತ್ತಾರೆ, ಕೆಲವರು ಮಕ್ಕಳನ್ನು ಓದಿಸುತ್ತಾರೆ. ಅವನು ಈ ಬೆಟ್ಟದ ರೈಲನ್ನು ಕೊಂದಿದ್ದ. ಇಪ್ಪತ್ತಾರು ವರ್ಷದಿಂದ ಅದು ಅವನೊಬ್ಬನಿಗೇ ಗೊತ್ತಿದ್ದ ವಿಷಯ. ಸಾರಿಗೆ ಇಲಾಖೆಯ ಗಣತಿ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ಮುಪ್ಪಾಗಿ, ಹೋದ ವರ್ಷ ಒಂದು ಗೋಡೆ ಗಡಿಯಾರ ಹಿಡಿದುಕೊಂಡು ಮನೆಗೆ ಬಂದವನಿಗೆ ಒಂದು ರೈಲನ್ನೇ ಇಲ್ಲವಾಗಿಸಿದ ಪಾಪ ಸಣ್ಣ ಆಸ್ತಿಯಲ್ಲ. ರಾತ್ರಿ ನಿದ್ದೆ ಬರದಾಗ ಅದನ್ನು ತೆಗೆದು ಒರೆಸಿ ಇಡುತ್ತಿದ್ದ. ಪೇಪರಿನಲ್ಲಿ ಹಳಿ ಕಿತ್ತ ಸುದ್ದಿ ಬಂದಾಗ ಎರಡು ದಿನ ಊಟ ಸೇರದವನ ಹಾಗೆ ಓಡಾಡಿದ್ದ. ಮೂರನೆಯ ದಿನ ನಿಜವಾಗಿಯೂ ಹಸಿವಾಗಿ ಸುಮ್ಮನಾದ. ಹಳಿ ಕಿತ್ತ ಜಾಗದಲ್ಲಿ ನಡಿಗೆಯ ದಾರಿ ಮಾಡಿದ್ದಾರೆ, ಜನ ರಜಾದಿನ ಗುಂಪುಗುಂಪಾಗಿ ಹೋಗುತ್ತಾರೆ ಎಂದು ಷಡ್ಡಕ ಹೇಳಿದಾಗ, ತನ್ನ ಪಾಪವನ್ನು ಯಾರೋ ಸಾರ್ವಜನಿಕ ಉದ್ಯಾನ ಮಾಡಿದರಲ್ಲ ಎಂದು ಅವನಿಗೆ ಒಳಗೊಳಗೇ ಕೋಪ ಬಂದಿತ್ತು.

ದಾರಿ ಚೆನ್ನಾಗಿಯೇ ಇತ್ತು. ಕಂಬಿ, ದಿಮ್ಮಿ ಎಲ್ಲ ಕಿತ್ತು, ದಪ್ಪ ಜಲ್ಲಿಯ ಮೇಲೆ ಸಣ್ಣ ಜಲ್ಲಿ ಹಾಸಿ, ಕಾಲಿಗೆ ಮೆತ್ತಗೆ ಆಗುವ ಹಾಗೆ ಮಾಡಿದ್ದರು. ಒಂದು ಪಕ್ಕದಲ್ಲಿ ಕಡಿದ ಬಂಡೆ, ಅದರ ಮೇಲೆ ಪಾಚಿ, ಪಾಚಿಯಿಂದ ಒಂದೇ ಸಮನೆ ತೊಟ್ಟಿಕ್ಕುವ ನೀರು. ಇನ್ನೊಂದು ಪಕ್ಕದಲ್ಲಿ ಏನೂ ಇಲ್ಲ, ಬರೀ ಮಂಜು. ಹೆಂಡತಿ ಮತ್ತು ಅವಳ ತಂಗಿ ಮುಂದೆ, ಇಬ್ಬರಿಗೂ ಗೊತ್ತಿರುವ ಮೂರನೆಯವಳೊಬ್ಬಳ ಗರ್ಭಕೋಶದ ಆಪರೇಷನ್ನಿನ ಬಗ್ಗೆ ಮಾತಾಡುತ್ತಾ. ಷಡ್ಡಕ ಫೋನಿನಲ್ಲಿ ಹೆಜ್ಜೆ ಎಣಿಸುತ್ತಿದ್ದ. ಪ್ರತಿ ಸಾವಿರಕ್ಕೊಂದು ಸಲ ಅದು ಕುಂಯ್ ಎನ್ನುತ್ತಿತ್ತು, ಷಡ್ಡಕ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಒಬ್ಬ ಎಣಿಕೆಯ ಮನುಷ್ಯನ ಪಕ್ಕ ನಡೆಯುತ್ತಾ ಹೀಗೆ ಎಣಿಸುವುದು ಅಡುಗೆಯವನ ಮುಂದೆ ಉಪ್ಪು ನೋಡಿದ ಹಾಗೆ ಎಂದು ಅವನಿಗನ್ನಿಸಿತು. ಇಪ್ಪತ್ತಾರು ವರ್ಷದ ಹಿಂದೆ ಒಂದು ಸಂಜೆ ಗಾಡಿ ಇದೇ ತಿರುವಿನಲ್ಲಿ ನಡೆಯುವವನಿಗಿಂತ ನಿಧಾನವಾಗಿ ಏದುತ್ತಾ ಹತ್ತಿತ್ತು, ಅವನು ಮರದ ಬೆಂಚಿನ ತುದಿಯಲ್ಲಿ ಮೂಗೊರೆಸಿಕೊಳ್ಳುತ್ತಾ ಕೂತಿದ್ದ, ತೊಡೆಯ ಮೇಲೆ ಇಲಾಖೆಯ ರಟ್ಟು, ರಟ್ಟಿಗೆ ಸಿಕ್ಕಿಸಿದ ನಾಲ್ಕು ಹಾಳೆ, ದಿನಕ್ಕೊಂದರಂತೆ. ಹತ್ತಿದವರು, ಇಳಿದವರು, ಷರಾ. ಬೆಟ್ಟದ ನಡುವಿನ ಒಂದು ಸಣ್ಣ ಹಾಲ್ಟಿನಲ್ಲಿ ನಾಲ್ಕು ದಿನ ನಿಂತು ತಲೆ ಎಣಿಸಬೇಕು, ಅಷ್ಟೇ ಕೆಲಸ. ಅಲ್ಲಿ ಟಿಕೆಟ್ಟನ್ನು ಗಾಡಿಯೊಳಗೇ ಹರಿದು ಕೊಡುತ್ತಿದ್ದುದರಿಂದ ಎಲ್ಲಿ ಯಾರು ಹತ್ತಿದರು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಬ್ಬ ಮನುಷ್ಯ ಖುದ್ದಾಗಿ ನಿಂತು ನೋಡಲೇಬೇಕಿತ್ತು. ಅದಕ್ಕೆಂದೇ ಸರ್ಕಾರ ಒಬ್ಬ ಮನುಷ್ಯನನ್ನು ಕಳಿಸಿತ್ತು.

ಮೊದಲನೆಯ ದಿನ ಮನುಷ್ಯ ನಿಂತ. ಆಲಿಕಲ್ಲಿನ ಮಳೆ, ಮಾಡಿನಂಚಿನಿಂದ ಕುತ್ತಿಗೆಯೊಳಗೆ ಇಳಿಯುವ ನೀರು, ಬೆರಳು ಸೆಟೆದು ಪೆನ್ಸಿಲ್ಲು ಮೂರು ಸಲ ಬಿತ್ತು. ಹತ್ತಿದವರು ಹನ್ನೊಂದು, ಇಳಿದವರು ಏಳು. ಸಂಜೆಯ ಗಾಡಿಗೆ ಮೇಲಿನ ಸ್ಟೇಷನ್ನಿಗೆ ಬಂದು ಅಲ್ಲಿಯ ವಿಶ್ರಾಂತಿ ಕೋಣೆಯಲ್ಲಿ ಮಲಗಿದವನಿಗೆ ಬೆಳಿಗ್ಗೆ ಏಳಲು ಮನಸ್ಸಾಗಲಿಲ್ಲ. ಜ್ವರ ಎಂದು ಈ ಇಪ್ಪತ್ತಾರು ವರ್ಷ ತನಗೆ ತಾನೇ ಹೇಳಿಕೊಂಡಿದ್ದ. ನೆಗಡಿ. ಬರೀ ನೆಗಡಿ. ಕೋಣೆಯಲ್ಲಿ ಒಲೆಯಿತ್ತು, ಕೋಣೆ ನೋಡಿಕೊಳ್ಳುವವನಿಗೆ ಚದುರಂಗದ ಹುಚ್ಚಿತ್ತು. ಮೂರು ದಿನದಲ್ಲಿ ಅವನು ಹದಿನೇಳು ಆಟ ಸೋತ. ಆ ಪ್ರವಾಸದಿಂದ ಅವನು ತಂದ ಸಂಖ್ಯೆಗಳಲ್ಲಿ ಕಣ್ಣಾರೆ ಕಂಡದ್ದು ಮೊದಲ ದಿನದ್ದು ಬಿಟ್ಟರೆ ಅದೊಂದೇ. ಉಳಿದ ಮೂರು ದಿನದ ಪ್ರಯಾಣಿಕರನ್ನು ಒಲೆಯ ಪಕ್ಕ ಕೂತು ಕೂತಲ್ಲೇ ಹೆತ್ತ. ಹತ್ತು, ಹದಿಮೂರು, ಒಂಬತ್ತು. ಹದಿಮೂರು ಹಾಕುವಾಗ ಸ್ವಲ್ಪ ಹೊತ್ತು ಯೋಚಿಸಿದ್ದು ನೆನಪಿದೆ. ಬರೀ ಹತ್ತು, ಹತ್ತು ಅಂದರೆ ಸುಳ್ಳು ಸುಳ್ಳಾಗಿಯೇ ಕಾಣುತ್ತದಲ್ಲ. ಷರಾದಲ್ಲಿ ‘ಒಬ್ಬ ವೃದ್ಧೆ, ಕೋಳಿಬುಟ್ಟಿ ಸಮೇತ’ ಎಂದು ಬರೆದ. ಆ ಕೋಳಿಬುಟ್ಟಿಯ ಬಗ್ಗೆ ಮೇಲಧಿಕಾರಿ ವಿಶೇಷವಾಗಿ ಮೆಚ್ಚಿಕೊಂಡು, ಗಣತಿ ಎಂದರೆ ಹೀಗಿರಬೇಕು ಎಂದು ಉಳಿದವರಿಗೆ ತೋರಿಸಿದ್ದರು. ಹದಿನಾಲ್ಕು ತಿಂಗಳಿಗೆ ಗಾಡಿ ನಿಂತಿತು.

ಮೊದಲನೆಯ ಸುರಂಗದ ಬಾಯಲ್ಲಿ ಒಂದು ಫಲಕ ಹಾಕಿದ್ದರು. ಷಡ್ಡಕ ಕನ್ನಡಕ ಹಣೆಗೇರಿಸಿ, ಪಾಠ ಒಪ್ಪಿಸುವವನ ದನಿಯಲ್ಲಿ ಓದಿದ: ಇಷ್ಟನೇ ಇಸವಿಯಲ್ಲಿ ಆರಂಭ, ಇಷ್ಟು ಸೇತುವೆ, ಇಷ್ಟು ಸುರಂಗ, ಪ್ರಯಾಣಿಕರ ಕೊರತೆಯಿಂದಾಗಿ ಇಷ್ಟನೇ ಇಸವಿಯಲ್ಲಿ ಸ್ಥಗಿತ. ಪ್ರಯಾಣಿಕರ ಕೊರತೆ. ಅವನ ಎದೆ ಧಸಕ್ಕೆಂದಿತು, ಜೊತೆಗೆ, ಹೇಳಲು ನಾಚಿಕೆ, ಒಂದು ಬಗೆಯ ಪುಲಕವೂ ಆಯಿತು. ಕಬ್ಬಿಣದ ತಗಡಿನ ಮೇಲೆ, ಬಿಳಿ ಬಣ್ಣದಲ್ಲಿ, ದಾರಿಹೋಕರೆಲ್ಲ ಓದುವ ಹಾಗೆ ನಿಂತಿತ್ತು ಅವನ ಏಕೈಕ ಪ್ರಕಟಿತ ಕೃತಿ, ಅದೂ ಹೆಸರಿಲ್ಲದೆ. "ಮತ್ತಿನ್ನೇನು, ಜನಾನೇ ಇಲ್ಲದಿದ್ರೆ ಯಾರಿಗೆ ಅಂತ ಓಡಿಸ್ತಾರೆ" ಎಂದ ಷಡ್ಡಕ, "ನಮ್ಮ ಅಂಗಡೀನೂ ಅಷ್ಟೇ." ಬೇರೆ ಯಾರಾದರೂ ಬೈದಿದ್ದರೆ ಸಹಿಸಬಹುದಿತ್ತು. ತನ್ನ ಜೀವಮಾನದ ಪಾಪಕ್ಕೆ ಷಡ್ಡಕ ಎರಡು ಮಾತಿನಲ್ಲಿ ವಕಾಲತ್ತು ಮಾಡಿ ಗೆಲ್ಲಿಸಿಬಿಟ್ಟದ್ದು ಅವನಿಗೆ ತಡೆಯಲಾರದಷ್ಟು ಅವಮಾನವಾಯಿತು.

ಸುರಂಗದೊಳಗೆ ಕತ್ತಲೆ, ತಣ್ಣನೆ ಗಾಳಿ, ಹಳೆಯ ಹೊಗೆಯ ವಾಸನೆ ಇನ್ನೂ ಹೋಗಿರಲಿಲ್ಲ. ಹೆಂಡತಿ ಹಿಂದೆ ಬಂದು ಅವನ ಮೊಣಕೈ ಹಿಡಿದುಕೊಂಡಳು. ಅವಳಿಗೆ ಭಯವಾಗಿದೆ ಎಂದುಕೊಂಡು ಅವನು ಬೆನ್ನು ನೆಟ್ಟಗೆ ಮಾಡಿದ. ಸ್ವಲ್ಪ ದೂರ ಹೋದ ಮೇಲೆ ಅವಳು ಮೆಲ್ಲಗೆ, ಕಣ್ಣು ಮುಚ್ಚಿಕೊಳ್ಳಬೇಡಿ, ಇನ್ನೇನು ಬೆಳಕು ಬರುತ್ತೆ ಎಂದಳು; ಅವನು ಹೆದರಿದ್ದಾನೆ ಎಂದು ಅವಳು ಬಂದಿದ್ದಳು. ಇವಳಿಗೆ ಈಗಲೇ ಹೇಳಿಬಿಡಬೇಕು ಎನ್ನಿಸಿತು, ಕತ್ತಲೆಯಲ್ಲಿ ಮುಖ ಕಾಣುವುದಿಲ್ಲ. ಬಾಯಿ ತೆರೆದ. ಅಷ್ಟರಲ್ಲಿ ತಂಗಿ ಕರೆದಳೆಂದು ಅವಳು ಮುಂದೆ ಹೋದಳು. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಗೋಡೆಯಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಗೂಡೊಂದಿತ್ತು, ಗಾಡಿ ಬಂದಾಗ ಕಂಬಿ ಕೆಲಸದವರು ಸರಿದು ನಿಲ್ಲುತ್ತಿದ್ದ ಜಾಗ. ಅದರೊಳಗೆ ಸರಿದು ನಿಂತು ತಾಲೀಮು ಮಾಡಿದ. ನೋಡು, ನಿನಗೊಂದು ವಿಷಯ ಹೇಳಬೇಕು. ಬೇಡ, ಇದು ಕಾಯಿಲೆ ತಿಳಿಸುವ ದನಿ. ನೋಡೇ, ಆ ರೈಲು ನಿಂತದ್ದು ನನ್ನಿಂದ. ಇದು ಜಂಭ. ನಾನೊಬ್ಬ, ನಾನೊಬ್ಬ ಎಂದು ಮೂರನೆಯ ಪ್ರಯತ್ನದಲ್ಲಿದ್ದಾಗ ಮುಖದ ಮೇಲೆ ಟಾರ್ಚು ಬಿತ್ತು. ಎದುರಿನಿಂದ ಬರುತ್ತಿದ್ದ ಗಂಡು ಹೆಣ್ಣಿನ ಜೋಡಿ. ಹುಡುಗಿ ತುಂಬ ಮೃದುವಾಗಿ, "ಅಂಕಲ್, ದಾರಿ ಆ ಕಡೆ ಇದೆ" ಎಂದು ಕೈ ತೋರಿಸಿದಳು. ಆಮೇಲೆ ದೂರದಲ್ಲಿ, ಪಾಪ, ಜೊತೆಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಅವಳು ಕೇಳಿದ್ದು ಸುರಂಗದ ತುಂಬ ಗುಂಯ್‌ಗುಟ್ಟಿತು.

ಹಾಲ್ಟು ಐದನೆಯ ಕಿಲೋಮೀಟರಿನಲ್ಲಿತ್ತು. ದೂರದಿಂದಲೇ ಗುರುತು ಸಿಕ್ಕಿತು, ಸಿಗಬಾರದೆಂದು ಅವನು ಆಸೆಪಟ್ಟಿದ್ದರೂ. ಒಂದೇ ಕೋಣೆಯ ಕಲ್ಲಿನ ಕಟ್ಟಡ, ಮುಂದೆ ತಗಡಿನ ಮಾಡು, ಪ್ಲಾಟ್‌ಫಾರಮ್ಮಿಗೆ ಮುಖ ಮಾಡಿದ ಒಂದೇ ಕಿಟಕಿ. ಈಗ ಕಿಟಕಿಗೆ ನೀಲಿ ಬಣ್ಣ ಬಳಿದಿದ್ದರು, ಬಾಗಿಲ ಮುಂದೆ ಮೂರು ಬೆಂಚು, ಬೆಂಚಿನ ಮೇಲೆ ಸುಸ್ತಾದ ನಡಿಗೆಯವರು. ಒಳಗೆ ನಲವತ್ತು ದಾಟಿದ ಹೆಂಗಸೊಬ್ಬಳು ಟೀ ಕಾಸಿ ಕೊಡುತ್ತಿದ್ದಳು, ಜೊತೆಗೆ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅವನ ಮಂಡಿ ಅಷ್ಟರಲ್ಲಿ ನಿಜವಾಗಿಯೇ ನೋಯುತ್ತಿತ್ತು. ಸುಳ್ಳು ಹೇಳಿದ ಬಾಬತ್ತುಗಳೆಲ್ಲ ಕೊನೆಗೆ ನಿಜವಾಗಿ ಬಂದು ಕೂರುವುದು ಅವನ ಪಾಲಿಗೆ ಹೊಸದಲ್ಲ. ಬೆಂಚಿನ ತುದಿಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತ.

ಹೆಂಡತಿಯ ತಂಗಿಗೆ ಎಲ್ಲಿ ಹೋದರೂ ಅಲ್ಲಿಯವರನ್ನು ಮಾತಿಗೆಳೆಯುವ ಚಟ. ಇಲ್ಲಿ ಮೊದಲು ಏನಿತ್ತು, ನೀವು ಇಲ್ಲಿಯವರೇನಾ ಎಂದು ಶುರು ಮಾಡಿದಳು. ಟೀ ಅಂಗಡಿಯಾಕೆ ಲೋಟ ತೊಳೆಯುತ್ತಲೇ ಹೇಳಿದಳು. ನೂರು ಸಲ ಹೇಳಿ ನಯವಾದ ಮಾತು, ಎಲ್ಲಿ ನಿಲ್ಲಬೇಕು, ಎಲ್ಲಿ ನಗಬೇಕು ಎಂದು ಗೊತ್ತಿದ್ದ ಹಾಗೆ. ಅವಳಪ್ಪ ಇದೇ ಹಾಲ್ಟಿನಲ್ಲಿ ಬಾವುಟ ತೋರಿಸುತ್ತಿದ್ದರಂತೆ. ಬಾವುಟವೂ ಅವರೇ, ದೀಪವೂ ಅವರೇ, ಗಂಟೆಯೂ ಅವರೇ, ಊರಿನವರು ಅವರನ್ನು ಬಾವುಟದಣ್ಣ ಎನ್ನುತ್ತಿದ್ದರಂತೆ. ಒಂದು ವರ್ಷ ಚಳಿಗಾಲದ ಕೊನೆಯಲ್ಲಿ ಜನ ಎಣಿಸಲು ಸರ್ಕಾರದಿಂದ ಒಬ್ಬ ಸಾಹೇಬರು ಬಂದರು. ಮೊದಲನೆಯ ದಿನ ಹನ್ನೊಂದೇ ಜನ. ಅಪ್ಪನಿಗೆ ಕೈಕಾಲು ಆಡಲಿಲ್ಲ. ಸಂಜೆ ಕೆಳಗಿನ ಊರಿಗೆ ಇಳಿದು ಹೋಗಿ ಮನೆಮನೆ ಬಾಗಿಲು ತಟ್ಟಿದರು. ನಾಳೆಯಿಂದ ಮೂರು ದಿನ ಎಲ್ಲರೂ ಬನ್ನಿ, ಗಾಡಿ ಹತ್ತಿ, ಮೇಲೆ ಹೋಗಿ ಇಳಿಯಿರಿ, ಅದೇ ಗಾಡಿಯಲ್ಲಿ ವಾಪಸ್ಸು ಬನ್ನಿ, ಗಾಡಿ ಉಳೀಬೇಕು ಅಂದರೆ ನಾವು ಕಾಣಿಸಬೇಕು ಎಂದರು. ಊರಿಗೆ ಊರೇ ಬಂತು. ಮೇಷ್ಟ್ರು ಶಾಲೆ ಮುಚ್ಚಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಬಂದರು. ಕ್ಷೌರದವನು ಪೆಟ್ಟಿಗೆ ಸಮೇತ ಬಂದು, ಹೇಗೂ ಖಾಲಿ ಕೂತಿದ್ದೀರಲ್ಲ ಎಂದು ಗಾಡಿಯಲ್ಲೇ ಇಬ್ಬರ ಗಡ್ಡ ತೆಗೆದ. ಹುಟ್ಟಿದ ಮೇಲೆ ರೈಲೇ ಹತ್ತದ ಮುದುಕಿಯರು ಹತ್ತಿದರು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಬನ್ನಿ ಎಂದು ಅಪ್ಪ ಹೇಳಿದ್ದರಂತೆ, ಎಣಿಸುವವರಿಗೆ ಎಣಿಸಬೇಕು ಅನ್ನಿಸಬೇಕಲ್ಲ.

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವನು ಲೋಟ ಹಿಡಿದ ಹಾಗೇ ಇದ್ದ. ವಿಶ್ರಾಂತಿ ಕೋಣೆಯ ಕಿಟಕಿ, ಒಲೆ, ಮುಂದಿಟ್ಟ ಚದುರಂಗದ ಹಲಗೆ. ಆನೆ ಹೋಗುತ್ತದೆಂದು ಗೊತ್ತಾಗಿ ಬೇಸರದಿಂದ ಕತ್ತೆತ್ತಿ ನೋಡಿದಾಗ ಕೆಳಗೆ ಪ್ಲಾಟ್‌ಫಾರಮ್ಮಿನ ಮೇಲೆ ಬಣ್ಣಬಣ್ಣದ ಗುಂಪೊಂದು, ನಗು, ಸಾಲಾಗಿ ನಿಂತ ಮಕ್ಕಳು. ಯಾವುದೋ ಮದುವೆ ದಿಬ್ಬಣ ಎಂದ ಅವನು. ಇರಬೇಕು ಎಂದ ಕೋಣೆಯವನು. ಮಾರನೆಯ ದಿನವೂ ಅದೇ ಗುಂಪು ಕಂಡಿತ್ತು, ಈ ಊರಿನಲ್ಲಿ ಮದುವೆ ಬಹಳ ಎಂದುಕೊಂಡಿದ್ದ. ಸುಳ್ಳು ಪ್ರಯಾಣಿಕರನ್ನು ನಿಜವಾಗಿ ಎಣಿಸಬೇಕಿದ್ದವನು ನಿಜವಾದ ಪ್ರಯಾಣಿಕರನ್ನು ಸುಳ್ಳಾಗಿ ಎಣಿಸಿದ್ದ. ಹತ್ತು, ಹದಿಮೂರು, ಒಂಬತ್ತು: ನಾಟಕ ಮಾಡದಿದ್ದರೆ ಆ ಹಾಲ್ಟಿನಲ್ಲಿ ಹತ್ತುತ್ತಿದ್ದವರು ಅಷ್ಟೇ. ಅವನ ಸುಳ್ಳು ಸರಿಯಾಗಿತ್ತು. ಸರಿಯಾದ ಸುಳ್ಳಿಗಿಂತ ಹೇಸಿಗೆಯದು ಇನ್ನೊಂದು ಇರಲಾರದು ಎನ್ನಿಸಿತು.

ಸಾಹೇಬರು ಏನಂದರು ಎಂದು ಹೆಂಡತಿ ಕೇಳಿದಳು. ಅವನ ಹೆಂಡತಿ, ಅವನ ಪಕ್ಕದಲ್ಲೇ ಕೂತು. ಅವರು ಹೊರಗೇ ಬರಲಿಲ್ಲ ಎಂದಳು ಅಂಗಡಿಯಾಕೆ. ಮೊದಲ ದಿನ ನೆನೆದು ನೆಗಡಿಯಾಗಿತ್ತಂತೆ, ಮೂರೂ ದಿನ ಒಳಗೇ ಕೂತು ಈ ಕಿಟಕಿಯಿಂದ ಎಣಿಸಿದರು. ಗಾಜಿಗೆ ಹಬೆ ಹಿಡಿದು ಹೊರಗಿನವರಿಗೆ ಬರೀ ಭುಜ, ಟೋಪಿ ಕಾಣುತ್ತಿತ್ತು. ಸಂಕೋಚದ ಮನುಷ್ಯ, ಯಾರೂ ದಿಟ್ಟಿಸಿ ನೋಡಬೇಡಿ ಎಂದು ಅಪ್ಪ ಎಲ್ಲರಿಗೂ ತಾಕೀತು ಮಾಡಿದ್ದರು. ಅಷ್ಟು ಮಾಡಿದರೂ ಗಾಡಿ ನಿಂತಿತು. ಅಪ್ಪ ಮತ್ತೆ ಮನೆಮನೆಗೂ ಹೋಗಿ, ಕಡಿಮೆ ಬಿದ್ದೆವು, ನನ್ನದೇ ತಪ್ಪು, ಇನ್ನೂ ಹತ್ತು ಜನರನ್ನು ಪಕ್ಕದ ಊರಿನಿಂದ ಕರೆತರಬೇಕಿತ್ತು ಎಂದು ಕೈಮುಗಿದು ಬಂದರು. ಈಗಲೂ ಒಮ್ಮೊಮ್ಮೆ ಅದನ್ನೇ ಹೇಳುತ್ತಿರುತ್ತಾರೆ. ಇಲ್ಲಿ ಅವಳು ನಗಲಿಲ್ಲ, ಬೇರೆಯವರೂ ನಗಲಿಲ್ಲ. ಷಡ್ಡಕ ಗಂಟಲು ಸರಿ ಮಾಡಿಕೊಂಡು, ಪಾಪ ಆ ಸಾಹೇಬರಾದರೂ ಏನು ಮಾಡಿಯಾರು, ಕಂಡಷ್ಟು ಬರೆದಿರುತ್ತಾರೆ ಎಂದ.

ಅಪ್ಪ ಇದ್ದಾರಾ ಎಂದು ಕೇಳಿದ್ದು ತಾನೇ ಎಂದು ಅವನಿಗೆ ಕೇಳಿದ ಮೇಲೆ ಗೊತ್ತಾಯಿತು. ಇದ್ದಾರೆ, ಹಿಂದುಗಡೆ ಬಿಸಿಲಿಗೆ ಕೂತಿದ್ದಾರೆ ಎಂದಳು. ಅವನು ಹೆಂಡತಿಗೆ ಮಂಡಿ ತೋರಿಸಿ, ನೀವು ಮುಂದೆ ನಡೆಯಿರಿ, ನಾನು ಸ್ವಲ್ಪ ಉಜ್ಜಿಕೊಂಡು ಬರುತ್ತೇನೆ ಎಂದ. ಹೆಂಡತಿ ಒಂದು ಕ್ಷಣ ಅವನ ಮುಖ ನೋಡಿ, ನಿಧಾನಕ್ಕೆ ಬನ್ನಿ, ಸೇತುವೆ ಹತ್ತಿರ ಕಾಯುತ್ತೇವೆ ಎಂದಳು. ಷಡ್ಡಕ ತನ್ನ ಒಂದು ಕೋಲನ್ನು ಬಿಟ್ಟುಹೋದ. ಒಳ್ಳೆಯ ಮನುಷ್ಯ, ಅದೇ ಅವನ ತೊಂದರೆ.

ಕಟ್ಟಡದ ಹಿಂದೆ ಮಂಜು ಸರಿದು ಒಂದು ಚಾಪೆಯಗಲ ಬಿಸಿಲು ಬಿದ್ದಿತ್ತು. ಮುದುಕರು ಮೊಣಕಾಲ ನಡುವೆ ಮೊರ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು. ಒಣಗಿದ ಚಿಕ್ಕ ದೇಹ, ದೊಡ್ಡ ಕಿವಿ. ಅಂದು ಇವರ ಮುಖ ನೋಡಿದ್ದೇ ನೆನಪಿಲ್ಲ. ಹಸಿರು ಬಾವುಟ ಹಿಡಿದ ಒಂದು ಕೈ ಮಾತ್ರ ನೆನಪಿತ್ತು. ಅವನು ಎದುರಿನ ಕಲ್ಲಿನ ಮೇಲೆ ಕೂತ. ಕೂತ ಮೇಲೆ ಏಳುವುದು ಕಷ್ಟ, ಆದ್ದರಿಂದ ಹೇಳಿಯೇ ಏಳಬೇಕು ಎಂದು ತೀರ್ಮಾನಿಸಿದ. ಇಪ್ಪತ್ತಾರು ವರ್ಷದ ತಾಲೀಮು ಇದ್ದರೂ ಬಾಯಿಗೆ ಬಂದದ್ದು ತೀರ ಬಡಕಲು ಮಾತು.

"ಯಜಮಾನ್ರೇ, ಆಗ ಎಣಿಸೋಕೆ ಬಂದಿದ್ದವನು ನಾನೇ."

ಮುದುಕರು ಕತ್ತೆತ್ತಿ ನೋಡಿದರು. ಕಣ್ಣಿನಲ್ಲಿ ಪೊರೆ ಇತ್ತು, ಆದರೆ ನೋಟ ಎಲ್ಲೂ ತಡವರಿಸಲಿಲ್ಲ. ಎಲ್ಲೋ ಬಿಟ್ಟುಹೋದ ಸಾಮಾನು ತಾನಾಗಿ ನಡೆದುಕೊಂಡು ವಾಪಸ್ಸು ಬಂದರೆ ನೋಡುವ ಹಾಗೆ ನೋಡಿದರು. ಅವನು ನಿಲ್ಲಿಸದೆ ಹೇಳಿದ: ಮೊದಲನೆಯ ದಿನ ಮಾತ್ರ ಬಂದೆ, ಆಮೇಲೆ ಬರಲಿಲ್ಲ, ಮೇಲಿನ ಸ್ಟೇಷನ್ನಿನಲ್ಲಿ ಚದುರಂಗ ಆಡುತ್ತಾ ಕೂತಿದ್ದೆ, ಬಾಯಿಗೆ ಬಂದ ಸಂಖ್ಯೆ ಬರೆದೆ, ನಿಮ್ಮ ಊರಿನವರನ್ನು ಒಬ್ಬರನ್ನೂ ನಾನು ಎಣಿಸಲಿಲ್ಲ, ನೀವು ಕಡಿಮೆ ಬೀಳಲಿಲ್ಲ, ನೀವು ಯಾರ ಹತ್ತಿರವೂ ಕೈಮುಗಿಯಬೇಕಾಗಿರಲಿಲ್ಲ. ಹೇಳುತ್ತಾ ಹೇಳುತ್ತಾ ದನಿ ಏರಿತು. ತನ್ನ ದನಿಯಲ್ಲಿ ಅಳುವಿನ ಹದವೊಂದು ಬಂದಿರುವುದು ಅವನಿಗೇ ಕೇಳಿಸಿತು, ಅದು ಚೆನ್ನಾಗಿದೆ ಎಂದೂ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಮೈಯೆಲ್ಲ ಹಿಡಿಯಾಯಿತು.

"ಮೆಲ್ಲಗೆ" ಎಂದರು ಮುದುಕರು. "ಒಳಗೆ ಮಗಳಿದ್ದಾಳೆ."

ಅವನಿಗೆ ಅರ್ಥವಾಗಲಿಲ್ಲ. ಮುದುಕರು ಬಟಾಣಿಯ ಸಿಪ್ಪೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿ ಎಸೆದರು. ನೀವು ಬರದಿದ್ದದ್ದು ನನಗೆ ಗೊತ್ತಿಲ್ಲದೆ ಇರುತ್ತದೆಯೇ, ಇಲ್ಲಿ ಇದ್ದವನು ನಾನು ಒಬ್ಬನೇ ಎಂದರು. ನಿಮ್ಮ ಕೋಟು, ಟೋಪಿ ಈ ಕೋಣೆಯ ಒಲೆಯ ಹತ್ತಿರ ಒಣಗಲು ಹಾಕಿ ಹೋಗಿದ್ದಿರಿ. ಬೆಳಿಗ್ಗೆ ಜನ ಬಂದು ನಿಂತರು, ಗಾಡಿಯಿಂದ ನೀವು ಇಳಿಯಲಿಲ್ಲ. ಕುರ್ಚಿಯ ಬೆನ್ನಿಗೆ ಕೋಟು ಹಾಕಿ, ಹೂಜಿಯ ಮೇಲೆ ಟೋಪಿ ಇಟ್ಟು ಕಿಟಕಿಗೆ ಸರಿಸಿದೆ. ಕೆಟಲಿನಲ್ಲಿ ನೀರು ಕಾಯಿಸಿ ಗಾಜಿಗೆ ಹಬೆ ಹಿಡಿಸಿದೆ.

ಆ ಕೋಟು. ಗಾಡಿಯಲ್ಲಿ ಯಾರೋ ಕದ್ದರು ಎಂದು ಹೆಂಡತಿಗೆ ಹೇಳಿದ್ದ, ಕೊನೆಗೆ ತಾನೂ ನಂಬಿದ್ದ. ಇಪ್ಪತ್ತಾರು ವರ್ಷ ತಿರುವಿ ಹಾಕಿದ ನೆನಪಿನಲ್ಲಿ ಆಲಿಕಲ್ಲು, ಪೆನ್ಸಿಲ್ಲು, ಸೋತ ಆಟಗಳು ಎಲ್ಲ ಇದ್ದವು, ಕೋಟು ಮಾತ್ರ ಜಾಣತನದಿಂದ ಹೊರಗುಳಿದಿತ್ತು. ಅವನ ಕೋಟು ಅವನಿಗಿಂತ ಹೆಚ್ಚು ದಿನ ಕೆಲಸ ಮಾಡಿತ್ತು.

ಮತ್ತೆ ಯಾಕೆ ಹಾಗೆ ಮನೆಮನೆಗೆ ಹೋದಿರಿ ಎಂದು ಕೇಳಿದ. ಮುದುಕರು ಇನ್ನೊಂದು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಉದುರಿಸಿದರು.

"ಮುದುಕಿಯರೆಲ್ಲ ಹೊಸ ಬಟ್ಟೆ ಉಟ್ಟು ಬಂದಿದ್ರು ಸ್ವಾಮಿ. ಚಿಕ್ಕ ಚಿಕ್ಕ ಮಕ್ಕಳು ಚಳೀಲಿ ನಡುಗ್ತಾ ನಿಂತಿದ್ವು. ನಿಮ್ಮನ್ನ ಯಾರೂ ನೋಡಲೇ ಇಲ್ಲ ಅಂತ ಹೇಗೆ ಹೇಳೋದು. ಕಡಿಮೆ ಬಿದ್ವಿ ಅಂದ್ರೆ ಅವರೂ ತಡ್ಕೋತಾರೆ, ನಾನೂ ತಡ್ಕೋತೀನಿ."

ತಪ್ಪೊಪ್ಪಿಗೆ ಎಂದರೆ ಹೊರೆ ಇಳಿಸುವುದು ಎಂದು ಎಲ್ಲೋ ಓದಿದ್ದ. ಇಳಿಸಲು ಬಂದ ಜಾಗದಲ್ಲಿ ಆಗಲೇ ಒಬ್ಬರು ಅದಕ್ಕಿಂತ ಭಾರದ್ದನ್ನು ಹೊತ್ತು ಬಟಾಣಿ ಸುಲಿಯುತ್ತಾ ಕೂತಿದ್ದರು. ಅವನು ಇಷ್ಟು ವರ್ಷ ರಾತ್ರಿ ಒರೆಸಿ ಒರೆಸಿ ಇಟ್ಟುಕೊಂಡಿದ್ದು ಅವರ ಸಾಮಾನಿನ ಒಂದು ಚೂರು. ಅದನ್ನು ತಂದು ಊರಿಗೆಲ್ಲ ಕೇಳಿಸುವ ಹಾಗೆ ಕೂಗಿ ಹೇಳಲು ಹೊರಟಿದ್ದ. ಕ್ಷಮೆ ಕೇಳುವ ಎಂದುಕೊಂಡ. ಕೇಳಿದರೆ ಇವರು ಕೊಡುತ್ತಾರೆ, ಬಟಾಣಿ ಕೊಟ್ಟಷ್ಟೇ ಸುಲಭವಾಗಿ. ಅದಕ್ಕೇ ಕೇಳಲಿಲ್ಲ. ಬಹುಶಃ ಆ ದಿನ ಅವನು ಮಾಡಿದ ಮರ್ಯಾದೆಯ ಕೆಲಸ ಅದೊಂದೇ.

ಅಷ್ಟರಲ್ಲಿ ಮಗಳು ಅಪ್ಪನ ಟೀ ತೆಗೆದುಕೊಂಡು ಹಿಂಬಾಗಿಲಿನಿಂದ ಬಂದಳು. ಏನೋ ಎಣಿಸಲಿಲ್ಲ ಅಂತಿದ್ದರಲ್ಲ, ಏನದು ಎಂದಳು. ಅವನು ಮುದುಕರ ಮುಖ ನೋಡಿದ. ಮುದುಕರು ಅವನ ಮುಖ ನೋಡಲಿಲ್ಲ. ಲೋಟ ಇಸಿದುಕೊಂಡು ಒಂದು ಗುಟುಕು ಕುಡಿದು, ಇವರೇ ನೋಡು ಆ ಸಾಹೇಬರು, ನಡೆಯೋಕೆ ಅಂತ ಬಂದಿದ್ದಾರೆ ಎಂದರು.

ಅವಳು ನಿಂತಲ್ಲೇ ನಿಂತಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡಳು. ಬೈಗುಳಕ್ಕೆ ಅವನು ಸಿದ್ಧನಾಗಿದ್ದ, ಬಯಸಿಯೂ ಇದ್ದ. ಅವಳ ಮುಖ ಮಾತ್ರ ಯಾಕೋ ನೋಡನೋಡುತ್ತಿದ್ದಂತೆ ಚಿಕ್ಕದಾಗುತ್ತಾ, ಹದಿನೈದು ವರ್ಷದವಳ ಮುಖವಾಯಿತು.

"ನಾನು ಹಳದಿ ಸ್ವೆಟರ್ ಹಾಕಿದ್ದೆ. ಕೊನೇ ದಿನ ಗಾಡಿ ಹತ್ತುವಾಗ ನಿಮಗೆ ಕೈ ಬೀಸಿದೆ, ಬೇಡ ಅಂದ್ರೂ. ಅಪ್ಪ ಆಮೇಲೆ ಚೆನ್ನಾಗಿ ಬೈದ್ರು. ನೋಡಿದ್ರಾ?"

ಬಿಸಿಲು ಸರಿದು ಮುದುಕರ ಪಾದ ಬಿಟ್ಟು ಗೋಡೆಗೆ ಹೋಗಿತ್ತು. ಬಟಾಣಿ ಸುಲಿಯುವ ಸದ್ದು ನಿಂತಿತ್ತು.

"ನೋಡಿದೆ" ಎಂದ.

"ಮತ್ತೆ ನೀವು ಕೈ ಎತ್ತಲೇ ಇಲ್ಲ."

"ಪೆನ್ಸಿಲ್ ಹಿಡಿದಿದ್ದೆನಮ್ಮ. ಕೈ ಎತ್ತಿದ್ರೆ ಲೆಕ್ಕ ತಪ್ಪುತ್ತಲ್ಲ."

ಎಷ್ಟು ಸಲೀಸಾಗಿ ಬಂತು. ಒಲೆಯ ಪಕ್ಕ ಕೂತು ಕೋಳಿಬುಟ್ಟಿ ಬರೆದವನ ಕೈ ಇನ್ನೂ ಹಾಗೇ ಇತ್ತು, ಒಂದಿಷ್ಟೂ ತುಕ್ಕು ಹಿಡಿದಿರಲಿಲ್ಲ. ಅವಳು ತಲೆಯಾಡಿಸಿದಳು, ಆ ಕಾರಣ ಅವಳಿಗೆ ಸರಿಯೆನ್ನಿಸಿರಬೇಕು. ಆಮೇಲೆ, ಇಷ್ಟು ವರ್ಷ ಕೇಳಲು ಯಾರೂ ಸಿಕ್ಕಿರದವಳ ಹಾಗೆ, ಸ್ವಲ್ಪ ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದಳು, ಹಾಗಾದರೆ ನಾವು ಎಷ್ಟು ಜನ ಇದ್ದೆವು ಎಂದು.

ಪ್ಲಾಟ್‌ಫಾರಮ್ಮಿನ ಮೇಲಿನ ಬಣ್ಣದ ಗುಂಪನ್ನು ಅವನು ಮನಸ್ಸಿನಲ್ಲೇ ನಿಲ್ಲಿಸಿ ನೋಡಿದ, ವಿಶ್ರಾಂತಿ ಕೋಣೆಯ ಕಿಟಕಿಯಿಂದ, ಅಷ್ಟು ಎತ್ತರದಿಂದ. ಮೇಷ್ಟ್ರು, ಸಾಲಾಗಿ ಮಕ್ಕಳು, ಪೆಟ್ಟಿಗೆ ಹಿಡಿದ ಕ್ಷೌರದವನು, ಮುದುಕಿಯರು. ಒಬ್ಬೊಬ್ಬರ ಮೇಲೂ ಬೆರಳಿಟ್ಟು ಎಣಿಸಲು ಹೋದ. ಅಲುಗಾಡುತ್ತಿದ್ದರು, ನಗುತ್ತಿದ್ದರು, ಒಬ್ಬರ ಹಿಂದೆ ಒಬ್ಬರು ಮರೆಯಾಗುತ್ತಿದ್ದರು.

"ನಲವತ್ತಮೂರು" ಎಂದ.

ಅವಳ ಹುಬ್ಬು ಗಂಟಾಯಿತು. ಅಪ್ಪನ ಕಡೆ ತಿರುಗಿ, ನೀವು ಯಾವಾಗಲೂ ನಲವತ್ತೊಂದು ಅಂತಿದ್ದಿರಲ್ಲ ಎಂದಳು.

ಮುದುಕರು ಲೋಟವನ್ನು ಪಕ್ಕದ ಕಲ್ಲಿನ ಮೇಲಿಟ್ಟು, ಹೊಸ ಬಟಾಣಿಕಾಯಿ ಎತ್ತಿಕೊಂಡು, ಉಗುರಿನಿಂದ ಅದರ ಬೆನ್ನು ಬಿಡಿಸಿದರು.

"ಕಂಕುಳಲ್ಲಿ ಎರಡು ಕೂಸಿದ್ವು" ಎಂದರು. "ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸಾಹೇಬ್ರು ಹಿಡಿದಿದ್ದಾರೆ."